ರೈಬೋಸೋಮು ಮತ್ತು ಅಮ್ಮನ ಕಿವಿ

ನಮ್ಮ ಸಂಘದ ಭಾನುವಾರದ ಕನ್ನಡ ಶಾಲೆಯಲ್ಲಿ ಕಾಗುಣಿತ ಮುಗಿದ ಮೇಲೆ ಅರ್ಧ ಗಂಟೆ ಕನ್ನಡದಲ್ಲಿ ವಿಜ್ಞಾನ ಹೇಳುವ ತರಗತಿಯೊಂದಿದೆ. ಅದನ್ನು ನಡೆಸುವ ಹೊಣೆ ನಾಲ್ಕು ವರ್ಷಗಳಿಂದ ನಮ್ಮಿಬ್ಬರದು. ನಾವು ಅಕ್ಕತಂಗಿಯರು. ದೊಡ್ಡವಳು ಎಂಬಿಬಿಎಸ್ ಓದಿ ಇಂಗ್ಲೆಂಡಿನ ಉತ್ತರ ಭಾಗದ ಒಂದು ಊರಿನಲ್ಲಿ ಕುಟುಂಬ ವೈದ್ಯೆಯಾಗಿದ್ದಾಳೆ. ಚಿಕ್ಕವಳದು ಲೆಕ್ಕಪತ್ರದ ಕೆಲಸ. ಬರೆಯುವ ಕೈ ದೊಡ್ಡವಳದಾದರೂ ನೆನಪು ಇಬ್ಬರದೂ ಆದುದರಿಂದ ಈ ಬರೆಹದುದ್ದಕ್ಕೂ 'ನಾವು' ಎಂದೇ ಬರೆಯುತ್ತೇವೆ. ಓದುಗರು ಮನ್ನಿಸಬೇಕು.

ಕಳೆದ ವರ್ಷ ದೀಪಾವಳಿಗೆ ಮುಂಚಿನ ಭಾನುವಾರ ಜೀವಕೋಶದ ಪಾಠ ನಡೆದಿತ್ತು. ದೇಹದ ಬಹುಪಾಲು ಕೆಲಸಗಳನ್ನು ಪ್ರೋಟೀನುಗಳು ಮಾಡುತ್ತವೆ, ಆ ಪ್ರೋಟೀನುಗಳನ್ನು ರೈಬೋಸೋಮು ಎಂಬ ಯಂತ್ರ ಕಟ್ಟಿಕೊಡುತ್ತದೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಹತ್ತು ವರ್ಷದ ಹುಡುಗನೊಬ್ಬ ಕೈಯೆತ್ತಿದ. "ಆಂಟಿ, ಆ ಮೆಷೀನನ್ನ ಯಾವುದರಿಂದ ಮಾಡಿರ್ತಾರೆ?" ಅದರಲ್ಲೂ ಪ್ರೋಟೀನುಗಳಿವೆ ಎಂದೆವು. "ಹಾಗಾದ್ರೆ ಫಸ್ಟ್ ಮೆಷೀನ್ ಮಾಡಿದ್ದು ಯಾರು?"

ಮುಂದಿನ ವಾರ ಹೇಳುತ್ತೇವೆಂದು ನಕ್ಕು ತಪ್ಪಿಸಿಕೊಂಡೆವು. ನಿಜವಾಗಿ ನೋಡಿದರೆ ವಿಜ್ಞಾನಿಗಳೂ ಈ ಪ್ರಶ್ನೆಯೆದುರು ಬಹುಕಾಲ ತಡವರಿಸಿದ್ದಾರೆ. ನಮ್ಮಲ್ಲಿ ದೊಡ್ಡವಳು ಮೊದಲ ವರ್ಷದ ಬಯೋಕೆಮಿಸ್ಟ್ರಿ ಪರೀಕ್ಷೆಯಲ್ಲಿ ಇದೇ ವಿಷಯಕ್ಕೆ ಆರು ಅಂಕದ ಉತ್ತರ ಬರೆದಿದ್ದಳು. ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಬೆಸೆಯುವುದು ಪೆಪ್ಟಿಡೈಲ್ ಟ್ರಾನ್ಸ್‌ಫರೇಸ್ ಎಂಬ ಕಿಣ್ವ, ಅದು ರೈಬೋಸೋಮಿನ ದೊಡ್ಡ ಭಾಗದಲ್ಲಿರುವ ಪ್ರೋಟೀನು ಎಂದು. ಪೂರ್ಣ ಅಂಕ ಬಂದಿತ್ತು. ಉತ್ತರ ಮಾತ್ರ ತಪ್ಪು.

ರೈಬೋಸೋಮಿನಲ್ಲಿ ಎರಡು ಬಗೆಯ ವಸ್ತುಗಳಿವೆ. ಒಂದು ಉದ್ದನೆಯ ದಾರದಂತಿರುವ ಆರ್‌ಎನ್‌ಎ. ಇನ್ನೊಂದು ಅದಕ್ಕೆ ಅಲ್ಲಲ್ಲಿ ಅಂಟಿಕೊಂಡ ಹಲವು ಸಣ್ಣ ಪ್ರೋಟೀನುಗಳು. ಬ್ಯಾಕ್ಟೀರಿಯಾದ ರೈಬೋಸೋಮನ್ನು ತೂಗಿದರೆ ಮೂರರಲ್ಲಿ ಎರಡು ಪಾಲು ಆರ್‌ಎನ್‌ಎ, ಒಂದು ಪಾಲು ಪ್ರೋಟೀನು. ಅದರ ಚಿಕ್ಕ ಭಾಗದಲ್ಲಿ 1,542 ಅಕ್ಷರಗಳ ಒಂದು ಆರ್‌ಎನ್‌ಎ ಮತ್ತು 21 ಪ್ರೋಟೀನುಗಳಿವೆ; ದೊಡ್ಡ ಭಾಗದಲ್ಲಿ 2,904 ಅಕ್ಷರಗಳ ಇನ್ನೊಂದು ಆರ್‌ಎನ್‌ಎ, ಜೊತೆಗೆ 120 ಅಕ್ಷರಗಳ ಒಂದು ಮರಿ ಆರ್‌ಎನ್‌ಎ, ಮೂವತ್ತಕ್ಕೂ ಹೆಚ್ಚು ಪ್ರೋಟೀನುಗಳು. ಚಿಕ್ಕ ಭಾಗ ಸಂದೇಶವನ್ನು ಓದುತ್ತದೆ, ದೊಡ್ಡ ಭಾಗ ಬೆಸೆಯುತ್ತದೆ. ಬ್ಯಾಕ್ಟೀರಿಯಾದಲ್ಲಿ ಈ ಬೆಸುಗೆ ಒಂದು ಸೆಕೆಂಡಿಗೆ ಹದಿನೈದು ಇಪ್ಪತ್ತು ಬಾರಿ ನಡೆಯುತ್ತದೆ.

ಪ್ರೋಟೀನುಗಳೇ ಕೆಲಸಗಾರರು, ಆರ್‌ಎನ್‌ಎ ಅವು ನಿಲ್ಲುವ ಅಟ್ಟಣೆ ಎಂದು ಬಹುಕಾಲ ಎಲ್ಲರೂ ಭಾವಿಸಿದ್ದರು. ಹಾಗೆ ಭಾವಿಸಿದ್ದು ಅಸಹಜವೇನಲ್ಲ. ಆಗ ಗೊತ್ತಿದ್ದ ಕಿಣ್ವಗಳೆಲ್ಲ ಪ್ರೋಟೀನುಗಳೇ ಆಗಿದ್ದವು. 1992ರಲ್ಲಿ ಕ್ಯಾಲಿಫೋರ್ನಿಯಾದ ಹ್ಯಾರಿ ನೋಲರ್ ಅವರ ತಂಡ ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾವೊಂದರ ರೈಬೋಸೋಮಿನ ದೊಡ್ಡ ಭಾಗವನ್ನು ತೆಗೆದುಕೊಂಡು, ಪ್ರೋಟೀನು ತಿನ್ನುವ ಕಿಣ್ವ, ಮಾರ್ಜಕ, ಫೀನಾಲ್ ಇವುಗಳಿಂದ ತೊಳೆದು ತೊಳೆದು ಅದರ ಬಹುಪಾಲು ಪ್ರೋಟೀನನ್ನು ಕಿತ್ತುಹಾಕಿತು. ಉಳಿದದ್ದು ಆಗಲೂ ಬೆಸೆಯುತ್ತಲೇ ಇತ್ತು. ಆದರೆ ಅಲ್ಪಸ್ವಲ್ಪ ಪ್ರೋಟೀನು ಅಂಟಿಕೊಂಡೇ ಇದ್ದುದರಿಂದ ಸಂಶಯ ಪೂರ್ತಿ ತೀರಲಿಲ್ಲ.

ಅದು ತೀರಿದ್ದು 2000ದಲ್ಲಿ. ಯೇಲ್ ವಿಶ್ವವಿದ್ಯಾಲಯದ ಥಾಮಸ್ ಸ್ಟೈಟ್ಸ್ ಮತ್ತು ಪೀಟರ್ ಮೂರ್ ಅವರ ತಂಡಗಳು ಮೃತ ಸಮುದ್ರದ ಒಂದು ಸೂಕ್ಷ್ಮಜೀವಿಯ ರೈಬೋಸೋಮಿನ ದೊಡ್ಡ ಭಾಗವನ್ನು ಹರಳಾಗಿಸಿ, ಎಕ್ಸ್-ಕಿರಣ ಹಾಯಿಸಿ, ಪರಮಾಣುಗಳ ಮಟ್ಟದ ಚಿತ್ರವನ್ನು ಪಡೆದವು. ಬೆಸುಗೆ ನಡೆಯುವ ಜಾಗದ ಸುತ್ತ ಸುಮಾರು 18 ಆಂಗ್‌ಸ್ಟ್ರಾಮ್ ದೂರದವರೆಗೆ ಯಾವ ಪ್ರೋಟೀನೂ ಇರಲಿಲ್ಲ. ಅಷ್ಟು ದೂರದಿಂದ ಯಾವ ಕಿಣ್ವವೂ ಕೈಚಾಚಲಾರದು. ಅಲ್ಲಿದ್ದುದು ಬರಿಯ ಆರ್‌ಎನ್‌ಎ. (ಕೆಲವು ಬ್ಯಾಕ್ಟೀರಿಯಾಗಳಲ್ಲಿ ಒಂದು ಪ್ರೋಟೀನಿನ ತುದಿ ಆ ಜಾಗದ ಹತ್ತಿರಕ್ಕೆ ಬರುವುದುಂಟೆಂದು ಆಮೇಲಿನ ಚಿತ್ರಗಳು ತೋರಿಸಿದವು, ಆದರೂ ಮುಖ್ಯ ಕೆಲಸ ಆರ್‌ಎನ್‌ಎಯದೇ.) ಅದೇ ವರ್ಷ ಕೇಂಬ್ರಿಜ್ಜಿನಲ್ಲಿ, ನಾವಿರುವ ಊರಿನಿಂದ ಕೆಲವೇ ಗಂಟೆಗಳ ದಾರಿಯಲ್ಲಿ, ಚಿದಂಬರದಲ್ಲಿ ಹುಟ್ಟಿ ಬರೋಡಾದಲ್ಲಿ ಬೆಳೆದ ವೆಂಕಿ ರಾಮಕೃಷ್ಣನ್ ಅವರ ತಂಡ ಚಿಕ್ಕ ಭಾಗದ ಚಿತ್ರವನ್ನು ಬಿಡಿಸಿತು. ರೈಬೋಸೋಮನ್ನು ಹರಳಾಗಿಸಲು ಸಾಧ್ಯವೇ ಇಲ್ಲವೆಂದು ಇತರರು ನಗುತ್ತಿದ್ದ ಕಾಲದಲ್ಲಿ ಹರಳುಗಳನ್ನು ಬೆಳೆಸಿದವರು ಇಸ್ರೇಲಿನ ಅದಾ ಯೋನತ್. ಸ್ಟೈಟ್ಸ್, ರಾಮಕೃಷ್ಣನ್, ಯೋನತ್ ಈ ಮೂವರಿಗೆ 2009ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಆ ಹುಡುಗನಿಗೆ ಮುಂದಿನ ಭಾನುವಾರ ನಾವು ಕೊಟ್ಟ ಉತ್ತರ ಇದು: ಮೊದಲ ಯಂತ್ರದಲ್ಲಿ ಬಹುಶಃ ಪ್ರೋಟೀನೇ ಇರಲಿಲ್ಲ, ಆರ್‌ಎನ್‌ಎ ಒಂದೇ ಇತ್ತು, ಪ್ರೋಟೀನುಗಳು ಆಮೇಲೆ ಬಂದು ಸೇರಿಕೊಂಡವು. ಅವನಿಗೆ ಸಮಾಧಾನವಾಯಿತು. ನಮಗೆ ಆಗಲಿಲ್ಲ. ಬೆಸೆಯುವುದು ಆರ್‌ಎನ್‌ಎ ಎಂದು ತಿಳಿದ ಕೂಡಲೇ ಪ್ರೋಟೀನುಗಳನ್ನು ಬರಿಯ ಅಲಂಕಾರವೆಂದು ತಳ್ಳಿಹಾಕುವ ಚಾಳಿ ಕೆಲವು ಪುಸ್ತಕಗಳಲ್ಲಿದೆ. ಅದು ಮೊದಲಿನ ತಪ್ಪನ್ನು ತಿರುವಿ ಹಾಕಿದಂತೆ. ಆರ್‌ಎನ್‌ಎಯ ಮೈತುಂಬ ಋಣ ವಿದ್ಯುದಂಶವಿದೆ. ತನ್ನ ಮಡಿಕೆಗಳನ್ನು ತಾನೇ ದೂರ ತಳ್ಳುವ ಆ ದಾರ ತಾನಾಗಿ ಸರಿಯಾದ ಆಕಾರಕ್ಕೆ ಬಂದು ನಿಲ್ಲುವುದು ಕಷ್ಟ. ರೈಬೋಸೋಮಿನ ಪ್ರೋಟೀನುಗಳಲ್ಲಿ ಅನೇಕಕ್ಕೆ ಧನ ವಿದ್ಯುದಂಶ ತುಂಬಿದ ಉದ್ದನೆಯ ಬಾಲಗಳಿವೆ; ಹಳೆಯ ಗೋಡೆಯ ಬಿರುಕಿಗೆ ಅರಳಿಯ ಬೇರು ಇಳಿಯುವಂತೆ ಅವು ಆರ್‌ಎನ್‌ಎಯ ಸಂದುಗಳೊಳಗೆ ಇಳಿದು ಅದನ್ನು ಹಿಡಿದು ನಿಲ್ಲಿಸುತ್ತವೆ. 1968ರಲ್ಲಿಯೇ ಮಸಯಾಸು ನೊಮುರಾ ಚಿಕ್ಕ ಭಾಗವನ್ನು ಬಿಡಿಬಿಡಿಯಾಗಿ ಬಿಚ್ಚಿ, ಆರ್‌ಎನ್‌ಎಯನ್ನೂ ಪ್ರೋಟೀನುಗಳನ್ನೂ ಮತ್ತೆ ಕೂಡಿಸಿ, ಅದು ಪುನಃ ಕೆಲಸ ಮಾಡುವಂತೆ ಮಾಡಿದ್ದರು. ಆ ಕೂಡಿಕೆಯಲ್ಲಿ ಪ್ರೋಟೀನುಗಳು ಒಂದು ಕ್ರಮದಲ್ಲಿ ಬಂದು ಕೂರುತ್ತವೆ. ಮೊದಲು ಬಂದದ್ದು ಆರ್‌ಎನ್‌ಎಯನ್ನು ಒಂದಿಷ್ಟು ಮಡಿಸಿ ಮುಂದಿನದಕ್ಕೆ ಜಾಗ ಮಾಡಿಕೊಡುತ್ತದೆ.

ಇಷ್ಟನ್ನು ಬರೆದುಕೊಂಡು ಓದುತ್ತಿದ್ದ ದಿನಗಳಲ್ಲಿ ಒಂದು ಹೆಸರು ಮತ್ತೆ ಮತ್ತೆ ಎದುರಾಗುತ್ತಿತ್ತು. ಸ್ಟ್ರೆಪ್ಟೊಮೈಸಿನ್. 2000ದ ಆ ಕೇಂಬ್ರಿಜ್ ಚಿತ್ರಗಳಲ್ಲಿ ಈ ಔಷಧವೂ ಇತ್ತು: ಚಿಕ್ಕ ಭಾಗದ ಆರ್‌ಎನ್‌ಎಯ ನಾಲ್ಕು ಬೇರೆ ಬೇರೆ ಕಡೆಗಳನ್ನೂ ಎಸ್12 ಎಂಬ ಒಂದು ಪ್ರೋಟೀನನ್ನೂ ಒಟ್ಟಿಗೆ ಹಿಡಿದುಕೊಂಡು ಕುಳಿತಿತ್ತು. ಓದುವ ಜಾಗವೇ ಅದು. ಅಲ್ಲಿ ಕುಳಿತರೆ ಬ್ಯಾಕ್ಟೀರಿಯಾ ತನ್ನ ಸಂದೇಶವನ್ನು ತಪ್ಪಾಗಿ ಓದತೊಡಗುತ್ತದೆ. ಕ್ಷಯದ ಬ್ಯಾಕ್ಟೀರಿಯಾ ಈ ಔಷಧಕ್ಕೆ ಜಗ್ಗದಂತಾಗುವುದು ಹಲವು ಬಾರಿ ಆ ಎಸ್12 ಪ್ರೋಟೀನಿನ ಒಂದೇ ಒಂದು ಕಡೆ ಬದಲಾಗಿ. ಓದುವುದು ಆರ್‌ಎನ್‌ಎಯೇ ಆದರೂ ಪಕ್ಕದ ಪ್ರೋಟೀನು ಕದಲಿದರೆ ಔಷಧದ ಹಿಡಿತ ತಪ್ಪುತ್ತದೆ. ಇಬ್ಬರ ಸಂಸಾರ ಹೇಗೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ.

ಆ ಹೆಸರು ನಮ್ಮ ಮನೆಯಲ್ಲಿ ನಾವು ಅಕ್ಷರ ಕಲಿಯುವುದಕ್ಕೆ ಮುಂಚಿನಿಂದ ಇತ್ತು. 1985ರಲ್ಲಿ ಅಮ್ಮನಿಗೆ ಕ್ಷಯವಾಯಿತು. ದೊಡ್ಡವಳಿಗೆ ಆರು ವರ್ಷ, ಚಿಕ್ಕವಳಿಗೆ ಎರಡು. ಹಾಸನ ಜಿಲ್ಲೆಯ ನಮ್ಮ ಊರಿನಿಂದ ತಾಲ್ಲೂಕಿನ ಆಸ್ಪತ್ರೆಗೆ ದಿನವೂ ಹೋಗಿಬರುವುದು ಆಗದೆಂದು ನಮ್ಮ ಬೀದಿಯಲ್ಲೇ ಇದ್ದ ಕಾಂಪೌಂಡರೊಬ್ಬರು ಬೆಳಿಗ್ಗೆ ಮನೆಗೇ ಬಂದು ಸೊಂಟಕ್ಕೆ ಚುಚ್ಚುತ್ತಿದ್ದರು. ಪುಟ್ಟ ಸೀಸೆಯ ಬಿಳಿಯ ಪುಡಿಗೆ ನೀರು ಸೇರಿಸಿ ಅಲ್ಲಾಡಿಸುವುದನ್ನು ನೋಡುತ್ತ ದೊಡ್ಡವಳು ಬಾಗಿಲಲ್ಲಿ ನಿಲ್ಲುತ್ತಿದ್ದಳು. ವೈದ್ಯೆಯಾಗಬೇಕೆಂಬ ಆಸೆ ಅಲ್ಲಿಯೇ ಹುಟ್ಟಿತೆಂದು ಅಪ್ಪ ಈಗಲೂ ಹೇಳುತ್ತಾರೆ. ಮೂರನೆಯ ವಾರಕ್ಕೆ ಅಮ್ಮ ಕಿವಿಯಲ್ಲಿ ಜೀರುಂಡೆ ಕೂಗುತ್ತಿದೆಯೆಂದರು. ಎರಡು ತಿಂಗಳು ಮುಗಿಯುವಷ್ಟರಲ್ಲಿ ಜೀರುಂಡೆಯ ಹೊರತು ಬೇರೇನೂ ಕೇಳಿಸದಾಯಿತು.

ಕ್ಷಯ ವಾಸಿಯಾಯಿತು. ಅದನ್ನು ಮರೆಯುವಂತಿಲ್ಲ. ಆ ಕಾಲಕ್ಕೆ ಆ ಚುಚ್ಚುಮದ್ದು ಜೀವ ಉಳಿಸಿದ ಮದ್ದು. ಆದರೆ ಅಮ್ಮ ತೀರ್ಮಾನಿಸಿದ್ದು ಬೇರೆ: ಕಾಂಪೌಂಡರು ಅಜಾಗರೂಕತೆಯಿಂದ ಸೂಜಿಯನ್ನು ಕಿವಿಯ ನರಕ್ಕೆ ಚುಚ್ಚಿದರೆಂದು. ಸೊಂಟದಲ್ಲಿ ಕಿವಿಯ ನರ ಎಲ್ಲಿಂದ ಬರಬೇಕು? ಅಪ್ಪ ಹೇಳಿದರೂ, ಮುಂದೆ ದೊಡ್ಡವಳು ಡಾಕ್ಟರಾಗಿ ಹೇಳಿದರೂ ಅವರು ಒಪ್ಪಲಿಲ್ಲ. ಆ ಮನೆಯ ಮದುವೆಗೂ ಹೋಗಲಿಲ್ಲ, ಸಾವಿಗೂ ಹೋಗಲಿಲ್ಲ. ಅವರ ಅಂಗಳದ ಮುಂದೆ ಹಾದುಹೋಗಬೇಕಾಗುತ್ತದೆಂದು ದೇವಸ್ಥಾನಕ್ಕೆ ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋಗುತ್ತಿದ್ದರು.

ನಾವು ಬೆಳೆದದ್ದು ಅಮ್ಮನ ಮುಖಕ್ಕೆ ಎದುರಾಗಿ ನಿಂತು. ಬೆನ್ನು ತಿರುಗಿಸಿ ಮಾತನಾಡಿದರೆ ಅದು ಮಾತೇ ಅಲ್ಲ. ತುಟಿಯ ಚಲನೆ ನೋಡಿ ಅವರು ಎಲ್ಲವನ್ನೂ ಗ್ರಹಿಸುತ್ತಿದ್ದರೂ ಪ, ಬ, ಮ ಈ ಮೂರು ಅಕ್ಷರ ಮಾತ್ರ ಒಂದೇ ಆಗಿ ಕಾಣುತ್ತಿದ್ದವು. ಹೊರಗೆ ಮಾವ ಬಂದಿದ್ದಾರೆಂದು ನಾವು ಹೇಳಿದರೆ ಭಾವ ಬಂದರೆಂದುಕೊಂಡು ಸೆರಗು ಸರಿಮಾಡಿಕೊಂಡು ಹೊರಬರುತ್ತಿದ್ದರು. ಎದುರಿಗೆ ತಮ್ಮ ಸ್ವಂತ ಅಣ್ಣ ನಿಂತಿರುತ್ತಿದ್ದರು. ಚಿಕ್ಕವಳಿಗೆ ಅಮ್ಮನಿಗೆ ಕೇಳಿಸುತ್ತಿದ್ದ ಕಾಲದ ನೆನಪೇ ಇಲ್ಲ.

ದೊಡ್ಡಮ್ಮನ ಮಗನೂ ಕಿವುಡ. ಅವನಿಗೆ ನಾಲ್ಕು ವರ್ಷವಿದ್ದಾಗ ದೊಡ್ಡ ಜ್ವರ ಬಂದು, ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಡಿಸಿ, ಬದುಕಿಸಿಕೊಂಡು ಬಂದಿದ್ದರು. ಜ್ವರ ಕಿವಿಗೆ ಹೊಡೆಯಿತೆಂದು ಎಲ್ಲರೂ ಹೇಳಿದರು. ನಾವೂ ಹೇಳಿದೆವು. ನಮ್ಮಲ್ಲೊಬ್ಬಳು ಎಂಬಿಬಿಎಸ್ ಮುಗಿಸಿದ ಮೇಲೂ ಅದನ್ನೇ ಹೇಳಿದೆವು ಎಂಬುದು ಈಗ ನೆನೆದರೆ ನಾಚಿಕೆ.

2021ರ ಜನವರಿಯಲ್ಲಿ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಂಎಚ್‌ಆರ್‌ಎ ವೈದ್ಯರಿಗೆಲ್ಲ ಒಂದು ಎಚ್ಚರಿಕೆಯನ್ನು ಕಳಿಸಿತ್ತು: ಮೈಟೊಕಾಂಡ್ರಿಯದ ಕೆಲವು ವಂಶವಾಹಿ ಬದಲಾವಣೆ ಇರುವವರಿಗೆ ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಗುಂಪಿನ ಔಷಧಗಳಿಂದ ಕಿವುಡಾಗುವ ಅಪಾಯ ಹೆಚ್ಚು, ತಾಯಿಯ ಕಡೆಯ ಬಂಧುಗಳಲ್ಲಿ ಹಾಗಾದ ಚರಿತ್ರೆಯಿದ್ದರೆ ವಿಚಾರಿಸಬೇಕು ಎಂದು. ದೊಡ್ಡವಳು ಅದನ್ನು ಓದಿದಳು, ಸಹೋದ್ಯೋಗಿಯೊಬ್ಬರಿಗೆ ವಿವರಿಸಿದಳು, ಮುಚ್ಚಿಟ್ಟಳು. ಅಮ್ಮನ ನೆನಪು ಬರಲಿಲ್ಲ. ರೋಗಿಗಳ ಕುಟುಂಬಚರಿತ್ರೆ ಕೇಳುವಾಗ ನಮ್ಮದೂ ಒಂದು ಕುಟುಂಬವೆಂಬುದು ವೈದ್ಯರಿಗೆ ಹೊಳೆಯುವುದಿಲ್ಲವೇನೋ.

ಈ ವರ್ಷ ಫೆಬ್ರವರಿಯಲ್ಲಿ ಚಿಕ್ಕವಳಿಗೆ ಮೂತ್ರಪಿಂಡದ ಸೋಂಕು ರಕ್ತಕ್ಕೇರಿ ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ಒಗ್ಗದ ಔಷಧ ಏನಾದರೂ ಇದೆಯೇ ಎಂದು ದಾದಿ ಕೇಳಿದಾಗ ದೊಡ್ಡವಳೇ ಇಲ್ಲವೆಂದು ಉತ್ತರಿಸಿದಳು. ಜೆಂಟಾಮೈಸಿನ್ ಟ್ರೇಯಲ್ಲಿ ಸಿದ್ಧವಾಗಿತ್ತು. ಚಿಕ್ಕವಳು ಆ ನಡುಕದಲ್ಲೇ, "ನನಗಿಲ್ಲ. ನಮ್ಮಮ್ಮನಿಗೆ ಮಾತ್ರ ಇಂಜೆಕ್ಷನ್ನಿಂದ ಕಿವಿ ಹೋಯಿತು" ಎಂದಳು. ಕಿರಿಯ ವೈದ್ಯರೊಬ್ಬರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ, ಯಾವ ಇಂಜೆಕ್ಷನ್, ತಾಯಿಯ ಕಡೆ ಇನ್ನಾರಿಗಾದರೂ ಹೀಗಾಗಿದೆಯೇ ಎಂದು ಕೇಳಿದರು. ಆಗ, ಆ ಕ್ಷಣದಲ್ಲಿ, ದೊಡ್ಡಮ್ಮನ ಮಗ ಇಬ್ಬರ ಕಣ್ಮುಂದೆಯೂ ಬಂದು ನಿಂತ. ಟ್ರೇಯನ್ನು ಹಿಂದಕ್ಕೆ ಒಯ್ದರು, ಬೇರೆ ಔಷಧ ತಂದರು. ಐದು ದಿನದಲ್ಲಿ ಮನೆಗೆ ಬಂದೆವು. ಇಪ್ಪತ್ತು ವರ್ಷದ ಅನುಭವವುಳ್ಳ ವೈದ್ಯೆ ಹೇಳಬೇಕಾಗಿದ್ದ ಮಾತನ್ನು ಲೆಕ್ಕ ಬರೆಯುವವಳು ಜ್ವರದಲ್ಲಿ ಹೇಳಿದಳೆಂದು ನಾವು ಈಗ ನಗುತ್ತೇವೆ. ನಗುವುದು ಸುಲಭವಾದದ್ದೂ ಈಚೆಗೆ.

ರಕ್ತಪರೀಕ್ಷೆಯ ಫಲಿತಾಂಶ ಕೆಲವು ವಾರಗಳ ನಂತರ ಬಂತು. 1555ನೆಯ ಸ್ಥಾನದಲ್ಲಿ ಎ ಇರಬೇಕಾದಲ್ಲಿ ಜಿ ಇದೆ. ಒಂದಕ್ಷರ.

ಇಲ್ಲಿ ರೈಬೋಸೋಮು ಮತ್ತೆ ಬರುತ್ತದೆ. ನಮ್ಮ ಜೀವಕೋಶದೊಳಗಿನ ಮೈಟೊಕಾಂಡ್ರಿಯಗಳು ಬಹು ಹಿಂದೆ ಬ್ಯಾಕ್ಟೀರಿಯಾಗಳಾಗಿದ್ದವು; ಅವುಗಳಿಗೆ ತಮ್ಮದೇ ರೈಬೋಸೋಮುಗಳಿವೆ, ಅವು ಕಟ್ಟುವುದು 13 ಪ್ರೋಟೀನುಗಳನ್ನು ಮಾತ್ರ. ಈ ರೈಬೋಸೋಮಿನಲ್ಲಿ ತೂಕದ ಲೆಕ್ಕ ತಲೆಕೆಳಗು: ಒಂದು ಪಾಲು ಆರ್‌ಎನ್‌ಎ, ಎರಡು ಪಾಲು ಪ್ರೋಟೀನು. ಅಷ್ಟು ಪ್ರೋಟೀನು ತುಂಬಿಕೊಂಡರೂ ಓದುವ ಜಾಗವನ್ನು ಆರ್‌ಎನ್‌ಎ ಬಿಟ್ಟುಕೊಟ್ಟಿಲ್ಲ. ಇನ್ನೊಂದು ಸೋಜಿಗವೆಂದರೆ ಆ ಪ್ರೋಟೀನುಗಳ ಬರಹ ಜೀವಕೋಶದ ಕೇಂದ್ರದಲ್ಲಿದೆ, ತಾಯಿ ತಂದೆ ಇಬ್ಬರಿಂದಲೂ ಬರುತ್ತದೆ. ಆರ್‌ಎನ್‌ಎಯ ಬರಹ ಮೈಟೊಕಾಂಡ್ರಿಯದ ಸ್ವಂತ ಡಿಎನ್‌ಎಯಲ್ಲಿದೆ, ಅದು ಬರುವುದು ತಾಯಿಯಿಂದ ಮಾತ್ರ. ಪ್ರತಿಯೊಂದು ಮೈಟೊಕಾಂಡ್ರಿಯದಲ್ಲಿಯೂ ಅಮ್ಮನ ಆರ್‌ಎನ್‌ಎಯ ಸುತ್ತ ಅಪ್ಪ ಅಮ್ಮ ಇಬ್ಬರ ಪ್ರೋಟೀನುಗಳೂ ಕೂಡಿ ಕೆಲಸ ನಡೆಸುತ್ತವೆ. ನಮ್ಮ ಗೋತ್ರ ತಂದೆಯದು. ತುಳುನಾಡಿನ ಅಳಿಯಕಟ್ಟಿನಲ್ಲಿ ಬಳಿ ತಾಯಿಯಿಂದ ಇಳಿಯುವಂತೆ ಈ ಆರ್‌ಎನ್‌ಎ ಇಳಿಯುತ್ತದೆ.

1555ರಲ್ಲಿ ಎ ಇದ್ದಾಗ ಅದಕ್ಕೆ ಎದುರಿನ ಅಕ್ಷರದೊಡನೆ ಜೋಡಿಯಾಗಲು ಬರುವುದಿಲ್ಲ. ಬ್ಯಾಕ್ಟೀರಿಯಾದಲ್ಲಿ ಅದೇ ಜಾಗದಲ್ಲಿ ಗಟ್ಟಿ ಜೋಡಿಯಿದೆ. ಈ ವ್ಯತ್ಯಾಸವೂ ಸೇರಿ ನಮ್ಮ ಮೈಟೊಕಾಂಡ್ರಿಯಗಳನ್ನು ಈ ಔಷಧಗಳಿಂದ ಮಟ್ಟಿಗೆ ಕಾಯುತ್ತದೆ. ಎ ಹೋಗಿ ಜಿ ಬಂದರೆ ಅಲ್ಲೂ ಜೋಡಿ ಕೂಡುತ್ತದೆ, ಆ ಮೂಲೆ ಬ್ಯಾಕ್ಟೀರಿಯಾದ್ದನ್ನು ಹೋಲತೊಡಗುತ್ತದೆ, ಔಷಧ ಅದನ್ನೂ ಶತ್ರುವೆಂದೇ ಬಗೆದು ಹಿಡಿಯುತ್ತದೆ. ಒಳಗಿವಿಯ ರೋಮಕೋಶಗಳು ಈ ಔಷಧವನ್ನು ಒಳಗೆ ಸೇರಿಸಿಕೊಂಡು ಬಹುದಿನ ಬಿಡುವುದಿಲ್ಲ. ಒಂದೊಂದು ಕಿವಿಯ ಶಂಖದಲ್ಲಿ ಅಂತಹ ಕೋಶಗಳು ಸುಮಾರು 15,000 ಇವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಔಷಧ ತಾಗದಿದ್ದರೆ ಈ ಬದಲಾವಣೆ ಇರುವವರಲ್ಲಿ ಅನೇಕರು ಚೆನ್ನಾಗಿಯೇ ಕೇಳಿಸಿಕೊಂಡು ಬದುಕುತ್ತಾರೆ. ನಾವಿಬ್ಬರೂ ಹಾಗೆ ಬದುಕುತ್ತಿದ್ದೇವೆ. ಸಾಮಾನ್ಯ ಪ್ರಮಾಣದ ಔಷಧದಿಂದ, ಈ ಬದಲಾವಣೆ ಇಲ್ಲದವರ ಕಿವಿಯೂ ಕೆಲವೊಮ್ಮೆ ಕೆಡುವುದುಂಟು ಎಂಬುದನ್ನೂ ಹೇಳಿಬಿಡಬೇಕು.

ಬ್ರಿಟನ್ನಿನ ಮಕ್ಕಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸುಮಾರು 500ಕ್ಕೆ ಒಬ್ಬರಲ್ಲಿ ಇದು ಕಂಡಿದೆ. ಮ್ಯಾಂಚೆಸ್ಟರ್ ಮತ್ತು ಲಿವರ್‌ಪೂಲಿನ ಎರಡು ಆಸ್ಪತ್ರೆಗಳಲ್ಲಿ 751 ನವಜಾತ ಶಿಶುಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಕೆನ್ನೆಯ ಒಳಭಾಗವನ್ನು ಒರೆಸಿ ತೆಗೆದ ಮಾದರಿಯಿಂದ 26 ನಿಮಿಷಗಳಲ್ಲಿ ಉತ್ತರ. ಮೂರು ಮಕ್ಕಳಲ್ಲಿ ಬದಲಾವಣೆ ಸಿಕ್ಕಿ, ಅವಕ್ಕೆ ಬೇರೆ ಔಷಧ ಕೊಟ್ಟರು.

ನಮ್ಮ ಕೆಲಸ ಇನ್ನಿತ್ತು. ಅಜ್ಜಿಯ ಹೆಣ್ಣುಮಕ್ಕಳು ನಾಲ್ವರು, ಅವರ ಮಕ್ಕಳು ಹನ್ನೊಂದು, ಆ ಹನ್ನೊಂದರಲ್ಲಿ ಹೆಣ್ಣುಮಕ್ಕಳ ಮಕ್ಕಳು ಮತ್ತೆ ಒಂಬತ್ತು. ಸೋದರಮಾವನಿಗೆ ಇದೆ, ಅವರ ಮಕ್ಕಳಿಗೆ ಇಲ್ಲ. ದೊಡ್ಡವಳ ಗಂಡುಮಕ್ಕಳಿಬ್ಬರಿಗೂ ಇದೆ, ಅವರಿಂದ ಮುಂದಕ್ಕೆ ಹೋಗುವುದಿಲ್ಲ. ಚಿಕ್ಕವಳ ಮಗಳಿಂದ ಹೋಗುತ್ತದೆ. ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಫೋನು ಮಾಡಿದೆವು. ಹೆಚ್ಚಿನವರು ಹೂಂಗುಟ್ಟಿ ಇಟ್ಟರು. ದೊಡ್ಡಮ್ಮನ ಮಗಳು, ನಮಗೆ ಅಕ್ಕ, ಪೂರ್ತಿ ಕೇಳಿ ಸುಮ್ಮನಿದ್ದು ಆಮೇಲೆ ಹೇಳಿದಳು: "ಶ್ರಾವಣ ಕಳೀಲಿ ಅಂತ ಹುಡುಗಿಗೆ ಮಾತುಕತೆ ನಿಲ್ಲಿಸಿಕೊಂಡಿದೀವಿ. ಮೊದಲೇ ನನ್ನ ತಮ್ಮನ್ನ ನೋಡಿ ಎರಡು ಕಡೆಯವರು ಹಿಂದೆ ಸರಿದಿದಾರೆ. ಈಗ ವಂಶದಲ್ಲೇ ಇದೆ ಅಂತ ನೀವು ಕಾಗದ ಬರೆದು ಕಳಿಸ್ತೀರಾ?"

ಕಾಗದ ಕಳಿಸಲಿಲ್ಲ. ಬದಲಿಗೆ ಅಂಗೈಯಗಲದ ಕಾರ್ಡೊಂದನ್ನು ಮಾಡಿದೆವು. ಅದರಲ್ಲಿ ವಂಶದ ಮಾತಿಲ್ಲ, 1555ರ ಮಾತಿಲ್ಲ. ಈ ವ್ಯಕ್ತಿಗೆ ಕೆಳಗಿನ ಔಷಧಗಳು ಒಗ್ಗುವುದಿಲ್ಲ, ಬೇರೆ ದಾರಿಯಿದ್ದರೆ ಕೊಡಬಾರದು: ಜೆಂಟಾಮೈಸಿನ್, ಅಮಿಕಾಸಿನ್, ಟೋಬ್ರಾಮೈಸಿನ್, ಕೆನಾಮೈಸಿನ್, ನಿಯೋಮೈಸಿನ್, ಸ್ಟ್ರೆಪ್ಟೊಮೈಸಿನ್. ಪೆನಿಸಿಲಿನ್ ಒಗ್ಗದವರು ಇಟ್ಟುಕೊಳ್ಳುವಂತೆ ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ ಎಂದೆವು. ಅಕ್ಕ ಒಪ್ಪಿದಳು. ಜೀವ ಉಳಿಸಲು ಬೇರೆ ಮದ್ದೇ ಇಲ್ಲದ ಸಂದರ್ಭ ಬಂದರೆ ಕೊಡಲೇಬೇಕಾದೀತು. ಅದಕ್ಕೇ 'ಬೇರೆ ದಾರಿಯಿದ್ದರೆ' ಎಂಬ ಮಾತು. ಆ ಹುಡುಗಿಗೆ ಪೂರ್ತಿ ಸತ್ಯ ತಿಳಿದಿರಬೇಕು, ನಾಳೆ ಮಗುವನ್ನು ಹೆರುವವಳು ಅವಳೇ ಎಂದು ಚಿಕ್ಕವಳ ವಾದ. ಔಷಧ ತಪ್ಪಿದರೆ ಸಾಕು, ಉಳಿದದ್ದನ್ನು ಅವಳ ತಾಯಿ ಸಮಯ ನೋಡಿ ಹೇಳಲಿ ಎಂದು ದೊಡ್ಡವಳದು. 'ನಾವು' ಎಂದು ಬರೆಯುತ್ತ ಬಂದವರಿಗೆ ಈ ಒಂದು ವಿಷಯದಲ್ಲಿ ಇನ್ನೂ ಒಮ್ಮತವಾಗಿಲ್ಲ.

ಅಮ್ಮನಿಗೆ ಹೇಳುವುದನ್ನು ಕೊನೆಗೆ ಇಟ್ಟುಕೊಂಡಿದ್ದೆವು. ವಿಡಿಯೋ ಕರೆಯಲ್ಲಿ ತುಟಿ ಮತ್ತು ಚಿತ್ರ ಹಿಂದುಮುಂದಾಗುವುದರಿಂದ ಅವರಿಗೆ ಓದಲು ಬರುವುದಿಲ್ಲ. ಕನ್ನಡ ಶಾಲೆಯ ಬಿಳಿಯ ಹಲಗೆಯನ್ನು ಮನೆಗೆ ತಂದು ದೊಡ್ಡ ಅಕ್ಷರಗಳಲ್ಲಿ ಬರೆದು ತೋರಿಸುತ್ತೇವೆ. "ಇದು ನಿಮ್ಮಿಂದ ನಮಗೆ ಬಂದಿದೆ" ಎಂದು ಮೊದಲು ಬರೆದೆವು. ಒಬ್ಬರ ಮುಖವನ್ನೊಬ್ಬರು ನೋಡಿ ಅಳಿಸಿದೆವು. "ಅಜ್ಜಿಯ ಕಡೆಯಿಂದ ಬಂದದ್ದು. ಆ ಔಷಧ ಕೊಟ್ಟರೆ ಕಿವಿ ಹೋಗುತ್ತದೆ. ಯಾರು ಕೊಟ್ಟರೂ ಹೋಗುತ್ತಿತ್ತು" ಎಂದು ಬರೆದು ಹಿಡಿದೆವು.

ಅಮ್ಮ ಕನ್ನಡಕ ಹಾಕಿಕೊಂಡು ಓದಿದರು. ತಮ್ಮಿಂದ ಮಕ್ಕಳಿಗೆ ಬಂತೆಂದು ಅಳುತ್ತಾರೇನೋ ಎಂದು ನಾವು ಹೆದರಿ ಕುಳಿತಿದ್ದೆವು. ಅವರು ಕೊನೆಯ ಸಾಲನ್ನೇ ಇನ್ನೊಮ್ಮೆ ಓದಿ, "ಯಾರು ಕೊಟ್ಟರೂ?" ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆವು. ಕರೆಯನ್ನು ಬೇಗ ಮುಗಿಸಿದರು.

ಮುಂದಿನ ಭಾನುವಾರ ಎಂದಿನ ಹೊತ್ತಿಗೆ ಕರೆ ಮಾಡಿದಾಗ ಎತ್ತಿಕೊಂಡವರು ಅಪ್ಪ. "ಅವಳಿಲ್ಲಮ್ಮ, ಆಮೇಲೆ ಮಾಡಿ. ಕಾಂಪೌಂಡರ ಹೆಂಡತಿಯನ್ನು ನೋಡಿಕೊಂಡು ಬರ್ತೀನಿ ಅಂತ ಹೋಗಿದಾಳೆ. ಬೆಳಿಗ್ಗೆ ಕೋಡುಬಳೆ ಮಾಡಿದ್ದಳು, ಡಬ್ಬಿ ತುಂಬಿಸಿಕೊಂಡು ಹೋದಳು. ಮುಂದಿನ ಬೀದಿಯಿಂದಲೇ ಹೋದಳು" ಎಂದರು.